ಹೆಸರಿನ ಜಾಗ

ನಮ್ಮ ಕಾಲೇಜು ಸನ್ಮಾನಿಸಲಿರುವ ಇಳಕಲ್ಲಿನ ಒಬ್ಬ ನೇಕಾರರ ಬದುಕನ್ನು ನಾನು ಒಂದು ಪುಟದಲ್ಲಿ ಬರೆಯಬೇಕಿತ್ತು. ಖಾಸಿಂಸಾಬರ ಮನೆಗೆ ಹೋದೆ. ಅವರು ನಲವತ್ತು ವರ್ಷ ಸೀರೆ ನೇಯ್ದವರು. ಹೆಂಡತಿ ಕಾಸಿಂಬಿ ಸೀರೆಯ ಒಡಲಿನ ಎಳೆಗೆ ಸೆರಗಿನ ಕೆಂಪು ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿದವರು.

ಬಾಗಿಲಲ್ಲೇ ನನಗೆ ಗಲಿಬಿಲಿಯಾಯಿತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದವರು ಕಾಸಿಂಬಿ. ಖಾಸಿಂಸಾಬರು ಕಿಟಕಿಯ ಬೆಳಕಿನಲ್ಲಿ ಕೊಂಡಿ ಹಾಕುತ್ತಿದ್ದರು.

"ನನ್ನ ಮೊಣಕಾಲು ಹೋದ್ವು, ಆಕಿ ಕಣ್ಣು ಮಂಜಾದ್ವು. ಆರು ವರ್ಷದ ಹಿಂದ ಕೆಲಸ ಅದಲಬದಲ ಮಾಡ್ಕೊಂಡ್ವಿ," ಎಂದರು ಅವರು. "ಈಗ ನೇಯೋವಾಕಿ ಆಕಿ. ಆಕಿ ಹೆಸರ ಬರಿ, ತಂಗಿ."

"ಬ್ಯಾಡವ್ವಾ, ಕಲಿಸಿದವರು ಅವರು," ಎಂದರು ಕಾಸಿಂಬಿ, ಲಾಳಿ ನಿಲ್ಲಿಸದೆ.

ನನ್ನ ಕಾಗದದಲ್ಲಿ ಒಂದೇ ಹೆಸರಿಗೆ ಜಾಗವಿತ್ತು. ಹೊದಿಸುವ ಶಾಲೂ ಒಂದೇ. ಮಗ್ಗದ ಮೇಲಿನ ಸೀರೆಯನ್ನು ಮುಟ್ಟಿದೆ. ಒಡಲು ಮುಗಿದು ಸೆರಗು ಶುರುವಾಗುವ ಗೆರೆ ಕಣ್ಣಿಗೆ ಕಂಡಿತು, ಬೆರಳಿಗೆ ಸಿಗಲಿಲ್ಲ.

ಕೊನೆಗೆ ಕಾಸಿಂಬಿಯೇ ಹೇಳಿದರು. "ಅವರ ಹೆಸರ ಬರಿ. ಆದ್ರ ವೇದಿಕಿ ಹತ್ತಾಕ ಅವರಿಗೆ ಆಗಂಗಿಲ್ಲ. ಶಾಲು ಹೊದ್ಕೊಳ್ಳಾಕ ನಾ ಬರ್ತೇನಿ."

"ನಿನಗ ಮೆಟ್ಟಲ ಕಾಣ್ತಾವೇನ?" ಖಾಸಿಂಸಾಬರು ನಕ್ಕರು.

"ಕೈ ಹಿಡಿಯಾಕ ನೀವು ಇರ್ತೀರಲ್ಲ."

"ಅಂದ್ರ ನಾನೂ ಹತ್ತಬೇಕಾತು!"

ಮರುದಿನ ಬೆಳಿಗ್ಗೆ ನಾನು ಕಾಲೇಜಿಗೆ ಹೆಸರು ಕೊಡಬೇಕಿತ್ತು. ಅಂದು ಸಂಜೆ ನಾನು ಮರಳುತ್ತಿದ್ದ ಬಸ್ಸು ಹುನಗುಂದ ದಾಟಿತು, ಕಮತಗಿಯನ್ನೂ ದಾಟಿತು. ತೊಡೆಯ ಮೇಲಿನ ಕಾಗದದಲ್ಲಿ ಹೆಸರಿನ ಜಾಗ ಖಾಲಿಯೇ ಇತ್ತು.