ಕಂಬಂ ಕಣದಲ್ಲಿ ಫ್ರೆಂಚ್ ದೊರೆಯ ತಾಳ

ತಮಿಳು ಸೀಮೆಯ ಕಂಬಂಗೆ ಬಂದ ಮೊದಲ ದಿನ ನನ್ನ ಭಾಷೆಯೇ ನನ್ನನ್ನು ಬೆದರಿಸಿತು. ನಾಟಕ ಕಂಪನಿ ಒಡೆದುಹೋಗಿ, ಮೈಸೂರು ಸೀಮೆಯ ಮದ್ದಳೆಗಾರನಾದ ನಾನು ಹೆಂಡತಿ ಗೌರಿಯೊಡನೆ ಅಲ್ಲೇ ಉಳಿದಿದ್ದೆ. ಮನೆ ಕೊಟ್ಟ ಒಕ್ಕಲಗಿತ್ತಿ ವೀರಕ್ಕ, "ಪಯಪಡಬ್ಯಾಡ, ಒಳಕ್ ಬಾ" ಎಂದಳು. ಪಯ ಎಂದರೆ ಭಯ ಎಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಆಕೆಯ ಹಿರಿಯರು ಕನ್ನಡ ನಾಡು ಬಿಟ್ಟು ನೂರಾರು ವರ್ಷವಾಗಿತ್ತಂತೆ. ನಮ್ಮಲ್ಲಿ ರಾಗಿ, ಅವರಲ್ಲಿ ಕಂಬು, ಅಂದರೆ ಸಜ್ಜೆ. ಗೌರಿಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ಬೇಸಗೆ ಪುದುಚೇರಿಯಿಂದ ಒಬ್ಬ ಫ್ರೆಂಚ್ ದೊರೆ ಚಲಿಸುವ ಚಿತ್ರ ಹಿಡಿಯುವ ಪೆಟ್ಟಿಗೆಯೊಡನೆ ಬಂದ. ಮೇಕೆಯೊಂದು ಮದುಮಗನ ರುಮಾಲು ಕಚ್ಚಿಕೊಂಡು ಓಡುವುದು, ದಿಬ್ಬಣವೆಲ್ಲ ಬೆನ್ನಟ್ಟುವುದು, ಇಷ್ಟೇ ಅವನ ಕಥೆ. ಮದ್ದಳೆ ಬಾರಿಸಲು ನನ್ನನ್ನು ಕರೆಸಿಕೊಂಡ. ನಮ್ಮ ನಾಟಕದಲ್ಲಿ ಮದ್ದಳೆ ನಟನ ಹಿಂದೆ ಹೋಗುತ್ತದೆ. ಇವನಲ್ಲಿ ನಟರೇ ಮದ್ದಳೆಯ ಹಿಂದೆ ಓಡಬೇಕು. ಚಿತ್ರಕ್ಕೆ ದನಿಯಿಲ್ಲದಿದ್ದರೂ ಹಾಡಿಲ್ಲದೆ ಅವನು ಪೆಟ್ಟಿಗೆಯ ಹಿಡಿಕೆ ತಿರುಗಿಸುತ್ತಿರಲಿಲ್ಲ. ತೋರಿಸುವಾಗ ಪರದೆಯ ಹಿಂದೆ ಅದೇ ಹಾಡು ಹಾಡಿಸುತ್ತಾನಂತೆ. ಪ್ರತಿ ಹೆಜ್ಜೆಯೂ ತಾಳಕ್ಕೆ ಬೀಳಬೇಕು. ಬಿದ್ದವರೂ ನಗಬಾರದು, ನಗು ನೋಡುವವರದು.

ದಿಬ್ಬಣಕ್ಕೆ ಒಬ್ಬ ಹೆಂಗಸು ಕಡಿಮೆ ಬಿದ್ದಳು. ವೀರಕ್ಕ ಬೇಡವೆಂದರೂ ನಾನು ಗೌರಿಯನ್ನು ನಿಲ್ಲಿಸಿದೆ. ಉರಿಬಿಸಿಲಲ್ಲಿ ಕಣದ ತುಂಬ ಓಡಿದಳು. ಮೂರನೆಯ ದಿನ ಜ್ವರ ಏರಿ, ಕರೆದರೆ ಕಣ್ಣು ತೆರೆಯದಾದಳು.

"ಆ ಪೆಟ್ಟಿ ಅವ್ಳ ಉಸುರ ಎಳ್ಕಂಡದೆ. ಓಗಿ ಕೇಳಿ ಈಸ್ಕಂಬಾ" ಎಂದಳು ವೀರಕ್ಕ.

ನಂಬದಿದ್ದ ನಾನೂ ಓಡಿದೆ. ಅವನ ಜೊತೆಗಿದ್ದ ದುಭಾಷಿ ನನ್ನ ಮಾತು ಹೇಳಿದಾಗ ದೊರೆ ನಗಲಿಲ್ಲ. ಚಿತ್ರದ ಸುರುಳಿಯಿಂದ ಒಂದು ತುಂಡು ತೆಗೆದರೂ ಮುಂದಿನ ಹೆಜ್ಜೆಗಳೆಲ್ಲ ತಾಳ ತಪ್ಪುತ್ತವೆ ಎಂದ. ನಾನು ಅವನ ಕಾಲು ಹಿಡಿದೆ. ಕೊನೆಗೆ ಕತ್ತರಿ ತೆಗೆದು, ಗೌರಿಯಿದ್ದ ತುಂಡನ್ನು ಕತ್ತರಿಸಿ ಕೊಟ್ಟ. ಬೆಳಕಿಗೆ ಹಿಡಿದರೆ ಅವಳ ಮುಖ ಕಪ್ಪು, ಕೂದಲು ಬೆಳ್ಳಗೆ. ಮೊದಲ ಸುರುಳಿಯಲ್ಲಿ ಕಪ್ಪು ಬಿಳುಪು ಹಾಗೆಯೇ ತಿರುಗುಮುರುಗಾಗಿರುತ್ತದೆ ಎಂದು ದುಭಾಷಿ ವಿವರಿಸಿದ್ದು ನನ್ನ ಕಿವಿಗೆ ಹೋಗಲಿಲ್ಲ.

ವೀರಕ್ಕ ಅದನ್ನು ಕಿಟಕಿಗೆ ಹಿಡಿದು ನೋಡುತ್ತ ನಿಂತಳು.

"ತಲೆ ನರೆತದೆ ನೋಡು. ಮುದುಕಿ ಆಗಗಂಟ ಬದುಕ್ತಾಳೆ."

ಐದು ದಿನ ಆಕೆಯೇ ಗಂಜಿ ಕುಡಿಸಿದಳು. ಆರನೆಯ ದಿನ ಗೌರಿ ಎದ್ದು ಕೂತಳು.

ಮರುವರ್ಷ ಮೈಸೂರಿಗೆ ಹೋದೆವು. ನನ್ನ ಅವ್ವ ಬಡಿಸುತ್ತಿದ್ದಾಗ ಗೌರಿ ನನ್ನತ್ತ ತಿರುಗಿ, ವೀರಕ್ಕನ ಮಾತಿನಲ್ಲೇ, "ನಮ್ಮೂರ್ಗೆ ಯಾವಾಗ ಓಗಾದು?" ಎಂದಳು. ಅವ್ವನ ಸೌಟು ನಿಂತಿತು. "ಇದ್ಯಾವೂರೇ ಮತ್ತೆ?" ಎಂದು ಕೇಳಿದಳು.