ದೋ ಬಂದ ಮೇಲೆ ಯೆಟ್ ಬರಬೇಕು

ಇಂಗ್ಲಿಷ್ ವ್ಯಾಕರಣ ಕಲಿಸಿ ಹೊಟ್ಟೆ ಹೊರೆದವಳು ನಾನು. ಅನ್ನ ಕೊಟ್ಟ ಭಾಷೆಯ ಬಗ್ಗೆ ಕೆಟ್ಟ ಮಾತಾಡಬಾರದು ಎಂಬುದು ಗೊತ್ತು. ಆದರೂ ಹೇಳಿಬಿಡುತ್ತೇನೆ: ಆ ಭಾಷೆಯ ವಾಕ್ಯ ಜೋಡಿಸುವ ಶಬ್ದಗಳನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಒಂದೊಂದಾಗಿ ಬಂದರೆ ಹೇಗೋ ಸಹಿಸಿಕೊಳ್ಳುತ್ತೇನೆ. ಜೋಡಿಯಾಗಿ ಬಂದರೆ ಆಗುವುದಿಲ್ಲ.

ಶಾಲೆಯ ಪಾಠ ನಿಮಗೆ ಮರೆತುಹೋಗಿದ್ದರೆ ನೆನಪು ಮಾಡಿಕೊಡುತ್ತೇನೆ. ಇಂಗ್ಲಿಷಿನಲ್ಲಿ ದೊಡ್ಡ ವಾಕ್ಯಕ್ಕೆ ಜೋತುಬಿದ್ದುಕೊಂಡು ಒಂದು ಚಿಕ್ಕ ವಾಕ್ಯ ಇರುತ್ತದೆ. ಅದಕ್ಕೆ ಅಧೀನ ವಾಕ್ಯ ಎಂದು ಹೆಸರು. ಸ್ವಂತ ಕಾಲಿನ ಮೇಲೆ ನಿಲ್ಲುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಎರಡನ್ನೂ ಬಿಗಿದು ಕಟ್ಟಲು ಆ ತುದಿಗೊಂದು ಈ ತುದಿಗೊಂದು ಶಬ್ದ ಬೇಕು. ‘ನೋ ಸೂನರ್’ ಬಂದರೆ ‘ದ್ಯಾನ್’ ಬರಬೇಕು, ‘ಹಾರ್ಡ್ಲಿ’ ಬಂದರೆ ‘ವೆನ್’, ‘ಇದ್ದರೂ’ ಎನ್ನುವ ‘ದೋ’ ಬಂದರೆ ‘ಯೆಟ್’. ನಾವು ‘ಬಸ್ಸು ಬಂದ ಕೂಡಲೇ ಹತ್ತಿದೆ’ ಎಂದು ಹೇಳಿ ಹತ್ತಿ ಕುಳಿತು ಟಿಕೆಟನ್ನೂ ಮಾಡಿಸಿರುತ್ತೇವೆ. ಇಂಗ್ಲಿಷಿನವನು ಆಗ ಇನ್ನೂ ಎರಡನೆಯ ಶಬ್ದ ಹುಡುಕುತ್ತಿರುತ್ತಾನೆ.

ಎಪ್ಪತ್ತರ ದಶಕದಲ್ಲಿ ವೇಣೂರಿನ ಕಡೆಯ ನಮಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಆ ಕನ್ನಡವನ್ನೇ ನಾವು ಪುಸ್ತಕ ಓದಿದ ಹಾಗೆ ಮೆಲ್ಲ ಮೆಲ್ಲ ಮಾತಾಡುತ್ತಿದ್ದೆವು. ಅದರ ಮೇಲೆ ಇಂಗ್ಲಿಷ್ ಬಂದು ಕುಳಿತಿತು. ಅದು ಮಾತಾಡುವ ಭಾಷೆ ಎಂಬ ಸಂಶಯ ನಮಗಾಗಲಿ ನಮಗೆ ಕಲಿಸಿದವರಿಗಾಗಲಿ ಬರಲಿಲ್ಲ. ಅದು ಬಾಯಿಪಾಠದ ಭಾಷೆ. ಉದಾಹರಣೆಯ ವಾಕ್ಯಗಳಲ್ಲಿ ಬಡವನಾದವನು ಕಡ್ಡಾಯವಾಗಿ ಪ್ರಾಮಾಣಿಕ. ಡಾಕ್ಟರು ಬರುವ ಮೊದಲು ರೋಗಿ ಸತ್ತಿರುತ್ತಾನೆ. ನಾವು ಸ್ಟೇಷನ್ನಿಗೆ ಮುಟ್ಟುವಾಗ ರೈಲು ಹೊರಟುಹೋಗಿರುತ್ತದೆ. ಬಂಟ್ವಾಳದ ಕಡೆ ಆಗಿನ್ನೂ ರೈಲೇ ಬಂದಿರಲಿಲ್ಲ. ಕಾಣದ ರೈಲನ್ನು ನಾವು ಪ್ರತಿ ಪರೀಕ್ಷೆಯಲ್ಲೂ ತಪ್ಪಿಸಿಕೊಳ್ಳುತ್ತಿದ್ದೆವು.

ನನ್ನ ಅಕ್ಕ ಸುಮತಿ ಈ ರೈಲಿನ ಕೆಳಗೇ ಸಿಕ್ಕಿಬಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಉಳಿದೆಲ್ಲ ಪಾಸು, ಇಂಗ್ಲಿಷ್ ಮಾತ್ರ ಫೇಲು. ಅವಳಿಗೆ ಟೀಚರ್ ಆಗಬೇಕಿತ್ತು. ಸುಮ್ಮನೆ ಆಸೆಯಲ್ಲ, ದನದ ಹಟ್ಟಿಯ ಗೋಡೆಗೆ ಇದ್ದಿಲಿನಲ್ಲಿ ಬರೆದು ನನಗೂ ನೆರೆಮನೆಯ ಮಕ್ಕಳಿಗೂ ಮಗ್ಗಿ ಹೇಳಿಕೊಡುತ್ತಿದ್ದಳು, ಅದೂ ಹೊಡೆಯದೆ. ಹೊಡೆಯದೆ ಕಲಿಸುವ ಟೀಚರನ್ನು ನಾನು ಅಲ್ಲಿವರೆಗೆ ನೋಡಿರಲಿಲ್ಲ. ಟ್ರೈನಿಂಗಿಗೆ ಸೇರಲು ಇಂಗ್ಲಿಷ್ ಪಾಸಾಗಲೇಬೇಕಿತ್ತು.

ನಮ್ಮದು ಅಳಿಯಸಂತಾನದ ಮನೆ. ಹೆಣ್ಣುಮಕ್ಕಳ ವಿಷಯದಲ್ಲಿ ಅಪ್ಪನ ಕೆಲಸ ತಲೆಯಾಡಿಸುವುದು, ತೀರ್ಮಾನ ಸೋದರಮಾವನದು. ಮಾವ ಕೆಟ್ಟವರಲ್ಲ, ಅವಸರದವರು. ಬೊಂಬಾಯಿಯಲ್ಲಿ ಹೋಟೆಲು ಇಟ್ಟ ಒಬ್ಬರ ಕಡೆಯಿಂದ ಅಕ್ಕನಿಗೆ ಸಂಬಂಧ ಬಂದಿತ್ತು. ಅಕ್ಕ ಅತ್ತು ಕರೆದು ಒಂದು ಕರಾರು ಮಾಡಿಸಿಕೊಂಡಳು: ಅಕ್ಟೋಬರ್ ಪರೀಕ್ಷೆಯಲ್ಲಿ ಪಾಸಾದರೆ ಟ್ರೈನಿಂಗು, ಫೇಲಾದರೆ ಬೊಂಬಾಯಿ.

ಮೂಡುಬಿದಿರೆಯಲ್ಲಿ, ಪುತ್ತಿಗೆಗೆ ಹೋಗುವ ದಾರಿಯ ಬದಿಯಲ್ಲಿ, ನಿವೃತ್ತ ಮಾಸ್ಟ್ರೊಬ್ಬರು ಜಗಲಿಯಲ್ಲಿ ಟ್ಯೂಷನ್ ಕೊಡುತ್ತಿದ್ದರು; ಅಕ್ಕ ಅಲ್ಲಿಗೆ ಸೇರಿದಳು. ಮಕ್ಕಳು ಹಿಂದಿನಿಂದ ಅವರನ್ನು ಯೆಟ್ ಮಾಸ್ಟ್ರು ಎನ್ನುತ್ತಿದ್ದರು. ಜೋಡಿ ಶಬ್ದಗಳೆಂದರೆ ಅವರಿಗೆ ಗಂಡ ಹೆಂಡತಿ ಇದ್ದ ಹಾಗೆ; ದೋ ಬಂದ ಮೇಲೆ ಯೆಟ್ ಬರದಿದ್ದರೆ ದೋ ವಿಧುರನಾದಷ್ಟು ಸಂಕಟಪಡುತ್ತಿದ್ದರು. ಇನ್ನೊಂದು ಗುಣವೂ ಇತ್ತು. ಯಾವ ಮಾತನ್ನೂ ಅವರು ದೂರಿನಿಂದಲೇ ಶುರು ಮಾಡುವವರು. ‘ಅಕ್ಷರ ಕಾಗೆ ಕಾಲಿನ ಹಾಗೆ ಉಂಟು, ವಾಕ್ಯ ಉದ್ದ ಆಯಿತು, ಶಾಯಿ ಚೆಲ್ಲಿದ್ದೀ’ ಎಂದೆಲ್ಲ ಬೈದು, ಕೊನೆಗೆ ‘ಉತ್ತರ ಸರಿ’ ಎನ್ನುತ್ತಿದ್ದರು. ಅವರ ಹೊಗಳಿಕೆ ಬೇಕಾದರೆ ಕಡೆಯವರೆಗೆ ಕಾಯಬೇಕು ಎಂದು ಅಕ್ಕ ನಗುತ್ತಿದ್ದಳು.

ಮನೆಗೆ ಬಂದರೆ ಅವಳು ಬೀಡಿ ಕಟ್ಟಬೇಕಿತ್ತು. ಆಗ ನಮ್ಮ ಕಡೆ ಬೀಡಿ ಕಟ್ಟದ ಹುಡುಗಿಯರಿದ್ದ ಮನೆ ಅಪರೂಪ. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಎಲೆ ಸುರುಳಿ ಮಾಡುವಾಗ ದೋ, ನೂಲಿನ ಗಂಟು ಬಿಗಿಯುವಾಗ ಯೆಟ್. ಮುಂದಿನ ಬೀಡಿಗೆ ಹಾರ್ಡ್ಲಿ, ಅದರ ಗಂಟಿಗೆ ವೆನ್. ನಮ್ಮ ಊರಿನ ಬೀಡಿ ಸೇದಿದವರ ಎದೆಯಲ್ಲಿ ಎಷ್ಟು ಇಂಗ್ಲಿಷ್ ವ್ಯಾಕರಣ ಹೋಗಿ ಕುಳಿತಿದೆಯೋ ದೇವರೇ ಬಲ್ಲ. ಗಂಟು ಬಿಗಿಯುವುದು ತಪ್ಪಿದರೆ ಬೀಡಿಯೂ ಬಿಚ್ಚುತ್ತದೆ, ವಾಕ್ಯವೂ ಬಿಚ್ಚುತ್ತದೆ ಎಂದು ನನಗೆ ಪಾಠ ಹೇಳುತ್ತಿದ್ದಳು.

ಪರೀಕ್ಷೆ ಮೂಡುಬಿದಿರೆಯಲ್ಲೇ ಬರೆದಳು. ಫಲಿತಾಂಶ ಬಂದ ದಿನ ಮಾಸ್ಟ್ರು ತಾವೇ ಶಾಲೆಗೆ ಹೋಗಿ ನೋಡಿದರು. ನಮ್ಮಲ್ಲಿ ಸುದ್ದಿ ಮುಟ್ಟಿಸಬೇಕಾದರೆ ಬಸ್ಸಿನ ಕಂಡಕ್ಟರನಿಗೆ ಹೇಳುವುದು ಪದ್ಧತಿ. ಹೆರಿಗೆ, ಸಾವು, ದನ ಕಳೆದುಹೋದದ್ದು, ಔಷಧಿ, ಮೀನು, ಎಲ್ಲವೂ ಅವನ ಕೈಯಲ್ಲೇ ಹೋಗುತ್ತಿತ್ತು. ಮಾಸ್ಟ್ರು ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ನಿಲ್ಲಿಸಿ, ತಮ್ಮ ಕ್ರಮದಂತೆ ದೂರಿನಿಂದ ಶುರು ಮಾಡಿದರು. ಇಂಗ್ಲಿಷಿನಲ್ಲಿ ಮಾರ್ಕು ತುಂಬ ಕಮ್ಮಿ ಬಿದ್ದಿದೆ, ಇನ್ನೂ ಕಷ್ಟಪಡಬಹುದಿತ್ತು, ಆದರೂ ಅಂತೂ ಪಾಸಾಗಿದ್ದಾಳೆ, ಮನೆಯಲ್ಲಿ ಹೇಳು ಎಂದರಂತೆ.

ಆ ಕಂಡಕ್ಟರನಿಗೆ ದಾರಿಯಲ್ಲಿ ಎಷ್ಟು ಜನ ಹತ್ತಿದರೋ, ಎಷ್ಟು ಜನರೊಡನೆ ಚಿಲ್ಲರೆಗಾಗಿ ಜಗಳವಾಯಿತೋ. ನಮ್ಮ ಕಟ್ಟೆಯ ಹತ್ತಿರ ಬಸ್ಸು ಪೂರ್ತಿ ನಿಲ್ಲುವ ಪದ್ಧತಿಯೂ ಇರಲಿಲ್ಲ. ಅಲ್ಲಿ ಕುಳಿತಿದ್ದ ಮಾವನಿಗೆ ಅವನು ಫುಟ್‌ಬೋರ್ಡಿನಿಂದಲೇ ಬಾಗಿ, “ಇಂಗ್ಲಿಷಿನಲ್ಲಿ ಮಾರ್ಕು ತುಂಬ ಕಮ್ಮಿಯಂತೆ ಮಾರಾಯ್ರೆ, ಮಾಸ್ಟ್ರು ಹೇಳಿದ್ದಾರೆ” ಎಂದ. ಅಷ್ಟರಲ್ಲಿ ಬಸ್ಸು ಮುಂದೆ ಹೋಯಿತು. ಉಳಿದದ್ದನ್ನು ಹೇಳಿದನೋ, ಹೇಳಿದ್ದು ಕೇಳಿಸಲಿಲ್ಲವೋ, ಮರೆತೇ ಬಿಟ್ಟನೋ, ಈಗ ಯಾರನ್ನು ಕೇಳುವುದು?

ಮಾವನಿಗೆ ಅಷ್ಟು ಸಾಕಾಯಿತು. ಸಾಕಾಗಬಾರದಿತ್ತು ಎಂದೇ ನನ್ನ ಸಿಟ್ಟು. ಮಾರನೆಯ ದಿನದ ಬಸ್ಸಿನವರೆಗೆ ಕಾಯಬಹುದಿತ್ತು, ಮೂಡುಬಿದಿರೆಗೆ ಒಮ್ಮೆ ಹೋಗಿ ಬರಬಹುದಿತ್ತು. ಅವರು ಅದೇ ಸಂಜೆ ಹುಡುಗನ ಕಡೆಯವರ ಮನೆಗೆ ಹೋಗಿ ವೀಳ್ಯ ಬದಲಾಯಿಸಿ ಮಾತು ಕೊಟ್ಟು ಬಂದರು. ಅಕ್ಕ ಫೇಲಾದೆನೆಂದು ಅತ್ತಳು. ನಾನೂ ಅವಳ ಜೊತೆ ಕುಳಿತು ಅತ್ತೆ.

ಆದಿತ್ಯವಾರ ಯೆಟ್ ಮಾಸ್ಟ್ರು ಹಳೆಯ ಕೊಡೆ ಹಿಡಿದು, ಟ್ರೈನಿಂಗಿಗೆ ಅರ್ಜಿ ಹಾಕುವುದು ಹೇಗೆಂದು ಹೇಳಲು ನಮ್ಮ ಮನೆಗೆ ಬಂದರು. ಅಂಗಳದಲ್ಲೇ ನಿಂತು, ಇಷ್ಟು ದಿನವಾದರೂ ಹುಡುಗಿ ಬರಲಿಲ್ಲವಲ್ಲ ಎಂದು ದೂರಿನಿಂದ ಶುರು ಮಾಡಿದರು. ವಿಷಯ ಬಿಚ್ಚಿಕೊಂಡಾಗ ಅಮ್ಮ ಒಳಗಿನಿಂದ ತಂದ ಬೆಲ್ಲ, ನೀರನ್ನು ಯಾರೂ ಮುಟ್ಟಲಿಲ್ಲ. ಅಕ್ಕ ಗೆರಸೆ ಕೆಳಗಿಟ್ಟು ಎದ್ದು ಬಂದಳು.

“ಹಾಗಾದರೆ ನಾನು ಪಾಸಾ ಮಾಸ್ಟ್ರೇ?” ಎಂದಳು.

“ಪಾಸು ಮಗಾ” ಎಂದರು ಅವರು. ದೂರಿಲ್ಲದೆ ಶುರುವಾದ ಅವರ ಮಾತು ನಾನು ಕೇಳಿದ್ದು ಅದೊಂದೇ.

ಮಾವ ಮೆಲ್ಲಗೆ, “ವೀಳ್ಯ ಬದಲಾಯಿಸಿ ಆಯಿತು ಮಾಸ್ಟ್ರೇ. ಕೊಟ್ಟ ಮಾತನ್ನು ಇನ್ನು ಹಿಂದೆ ತೆಕ್ಕೊಳ್ಳುವುದು ಹೇಗೆ?” ಎಂದರು. ಅಪ್ಪ ತಲೆಯಾಡಿಸಿದರು. ಅಕ್ಕ ಒಳಗೆ ಹೋಗಿ ಉಳಿದ ಎಲೆಗೆ ಬೀಡಿ ಕಟ್ಟಿ ಮುಗಿಸಿದಳು, ಈ ಸಲ ದೋ ಇಲ್ಲದೆ, ಯೆಟ್ ಇಲ್ಲದೆ.

ಬಸ್ಸಿನವನಿಗೆ ಕೊಟ್ಟ ಮಾತು ಅರ್ಧ ದಾರಿಯಲ್ಲಿ ಬಿದ್ದುಹೋಗಬಹುದು, ಯಾರೂ ಕೇಳುವುದಿಲ್ಲ. ಹುಡುಗನ ಮನೆಗೆ ಕೊಟ್ಟ ಮಾತು ಒಂದು ಚೂರೂ ಬೀಳಬಾರದು. ನಮ್ಮ ಮರ್ಯಾದೆಯ ವ್ಯಾಕರಣ ಹಾಗೆ. ಅದರ ಮುಂದೆ ಇಂಗ್ಲಿಷಿನದು ಏನೂ ಅಲ್ಲ.

ಅಕ್ಕ ಬೊಂಬಾಯಿಗೆ ಹೋದಳು. ಮಾವ ಆ ವಿಷಯ ಮತ್ತೆ ಎತ್ತಲಿಲ್ಲ, ಆದರೆ ನನ್ನ ಓದಿಗೆ ಒಂದು ದಿನವೂ ಅಡ್ಡ ಬರಲಿಲ್ಲ. ಬಿ.ಎ. ಮಾಡುತ್ತೇನೆ ಎಂದೆ, ಮಾಡು ಎಂದರು. ಬಿ.ಎಡ್. ಎಂದೆ, ಅದನ್ನೂ ಮಾಡು ಎಂದರು. ಅಕ್ಕನ ಪಾಲಿನ ಟ್ರೈನಿಂಗನ್ನು ನಾನು ಮಾಡಿ, ಎಂಬತ್ತರ ದಶಕದಲ್ಲಿ ಮೆಲ್ಕಾರ್ ಕಡೆಯ ಒಂದು ಹೈಸ್ಕೂಲಿನಲ್ಲಿ ದೋ ಯೆಟ್ ಕಲಿಸುತ್ತ ನಿಂತೆ. ಅಲ್ಲಿಯ ಲೈಬ್ರರಿಯ ದಪ್ಪ ಪುಸ್ತಕವೊಂದನ್ನು ಬಿಡಿಸಿದಾಗ ಇನ್ನೊಂದು ಸಂಗತಿ ತಿಳಿಯಿತು. ದೋ ಬಂದರೆ ಯೆಟ್ ಬರಲೇಬೇಕೆಂದೇನೂ ಇಲ್ಲವಂತೆ. ಹಾಕದಿದ್ದರೆ ವಾಕ್ಯ ಇನ್ನೂ ಚೆಂದವಂತೆ. ಪುಸ್ತಕವನ್ನು ಅದರ ಜಾಗದಲ್ಲೇ ಇಟ್ಟು ಬಂದೆ. ಇಷ್ಟೆಲ್ಲ ಆದ ಮೇಲೆ ಆ ಸುದ್ದಿ ನನಗೆ ಬೇಡವಾಗಿತ್ತು.

ಒಂದು ಬೇಸಗೆಯಲ್ಲಿ ಅಕ್ಕ ಮಗಳನ್ನು ಕರೆದುಕೊಂಡು ಊರಿಗೆ ಬಂದಳು. ಇಂಗ್ಲಿಷ್ ಮೀಡಿಯಮ್ಮಿನ ಆ ಪುಟ್ಟಿ ನೀರು ಕುಡಿದ ಹಾಗೆ ಇಂಗ್ಲಿಷ್ ಮಾತಾಡುತ್ತಿತ್ತು. ನಾನು ತಿದ್ದುತ್ತಿದ್ದ ಉತ್ತರಪತ್ರಿಕೆ ನೋಡಿ, ಚಿಕ್ಕಮ್ಮ, ಹೀಗೆ ಯಾರೂ ಮಾತಾಡುವುದೇ ಇಲ್ಲ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಕ್ಕನೂ ನಕ್ಕಳು. ಆದರೆ ನಗುವಾಗ ಅವಳ ಬೆರಳುಗಳು ಸೆರಗಿನ ತುದಿಯನ್ನು ಸುರುಳಿ ಮಾಡಿ, ಇಲ್ಲದ ನೂಲಿನಿಂದ ಬಿಗಿಯುತ್ತಿದ್ದವು.

ಹೊರಡುವ ದಿನ ಅವರನ್ನು ಬಸ್ಸು ಹತ್ತಿಸಲು ಅದೇ ಕಟ್ಟೆಯವರೆಗೆ ಹೋದೆ. ಬೊಂಬಾಯಿಯಲ್ಲಿ ಖುಷಿಯಾಗಿದ್ದೀಯಾ ಎಂದು ಕೇಳಬೇಕೆಂದು ಇಡೀ ರಜೆ ಅಂದುಕೊಂಡವಳು, ಬಸ್ಸು ಕಾಣಿಸಿದಾಗ ಕೇಳಿದೆ. ಅಕ್ಕ ಮಗಳನ್ನು ಮೇಲೆ ಹತ್ತಿಸಿ, ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ನನ್ನ ಕಡೆ ತಿರುಗಿದಳು.

“ಎಂತ ಕಮ್ಮಿ ಉಂಟು ನನಗೆ? ಎಲ್ಲ ಉಂಟು. ಎಲ್ಲ ಇದ್ದರೂ...” ಎಂದಳು.

ಕಂಡಕ್ಟರ್ “ರೈಟ್, ಪೋಯಿ” ಎಂದ. ಬಸ್ಸು ಹೋಯಿತು.

ಮಕ್ಕಳು ಹೀಗೆ ಅರ್ಧ ವಾಕ್ಯ ಬರೆದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ‘ಪೂರ್ತಿ ಮಾಡು’ ಎಂದು ಬರೆಯುವುದು ನನ್ನ ಕಸುಬು. ಆಮೇಲೆ ಅಕ್ಕ ಎಷ್ಟೋ ಸಲ ಬಂದಿದ್ದಾಳೆ, ನಾವು ಎಷ್ಟೋ ಮಾತಾಡಿದ್ದೇವೆ. ಆ ವಾಕ್ಯವನ್ನು ಪೂರ್ತಿ ಮಾಡು ಎಂದು ಅವಳಿಗೆ ನಾನು ಹೇಳಿಲ್ಲ. ಹೇಳಿದರೆ, ಅವಳು ಪಾಸಾದವಳು, ಪೂರ್ತಿ ಮಾಡಿಯಾಳು.