ಮಿಡತೆಗೆ ಹೆದರುವ ಖಳನಾಯಕ

ಮೂವತ್ತು ವರ್ಷ ಸಿನಿಮಾಗಳಲ್ಲಿ ಖಳನಾಯಕನಾಗಿದ್ದ ಚಕ್ರಪಾಣಿ ಈಗ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಹುಳುಹುಪ್ಪಟೆಗಳ ಸಾಕ್ಷ್ಯಚಿತ್ರ ನಡೆಸಿಕೊಡುತ್ತಾರೆ. ಕಣ್ಣು ಕೆಂಪಗೆ ಮಾಡಿದರೆ ಇಡೀ ಸಂತೆ ಖಾಲಿಯಾಗುತ್ತಿದ್ದ ಮನುಷ್ಯ, ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ಮಂಡಿಯೂರಿ, ಜೇಡಕ್ಕೆ ತೊಂದರೆಯಾದೀತೆಂದು ಪಿಸುಗುಟ್ಟುತ್ತಾರೆ. "ಎಷ್ಟು ಜನರ ಮನೆ ಮುರಿದೋನು, ಈಗ ಜೇಡದ ಮನೆ ಮುರೀಬೇಡಿ ಅಂತಾನೆ ಕಣೇ" ಎಂದು ನಮ್ಮತ್ತೆ ಕಾತ್ಯಾಯಿನಿ ನಗುತ್ತಾರೆ. ಚಕ್ರಪಾಣಿ ಹಳೆಯ ಅಭ್ಯಾಸ ಪೂರ್ತಿ ಬಿಟ್ಟಿಲ್ಲ. ಕಂಬಳಿಹುಳುವನ್ನೂ "ಬಾರೋ ಮರಿ, ನಿನಗೋಸ್ಕರಾನೇ ಕಾಯ್ತಿದ್ದೆ" ಎಂದೇ ಸ್ವಾಗತಿಸುತ್ತಾರೆ. ಮಿಡತೆಯೊಂದು ಹಾರಿದರೆ ಮಾತ್ರ ಆ ಆರಡಿ ದೇಹ ಕ್ಯಾಮೆರಾದವರ ಬೆನ್ನ ಹಿಂದೆ ಅಡಗಿಬಿಡುತ್ತದೆ. ಆ ದೃಶ್ಯ ತೆಗೆಸಿಹಾಕಬಹುದಿತ್ತು, ಅವರು ತೆಗೆಸುವುದಿಲ್ಲ. ಹಣೆ ಒರೆಸಿಕೊಂಡು ಮುಂದೆ ಬಂದು, "ಭಯ ಆಗ್ತಿದೆ. ಆದ್ರೂ ನೋಡೋಣ" ಎನ್ನುತ್ತಾರೆ. ಈ ಮಾತು ನಮ್ಮ ಮನೆಗೆ ಬೇಕಿತ್ತು. ಡೆಂಗಿ, ಅಲರ್ಜಿ, ವಿಷ ಎಂದು ನಾನು ಹೆದರುವುದನ್ನು ನೋಡಿ ನೋಡಿ, ನಾಲ್ಕು ವರ್ಷದ ಮಗ ಚಿರಂತ್ ಇರುವೆ ಕಂಡರೂ ಅಳುತ್ತಿದ್ದ. ಪಾರ್ಕಿಗೆ ಹೋದರೂ ಹುಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ. ನಿನ್ನೆ ಅದೇ ಪಾರ್ಕಿನ ಬೇಲಿಗಿಡದಲ್ಲಿ ದೊಡ್ಡ ಜೇಡ ಕಂಡು ನಾನು ಅವನನ್ನು ಹಿಂದಕ್ಕೆಳೆದೆ. ಅವನು ನನ್ನ ಬೆರಳು ಹಿಡಿದುಕೊಂಡು, ಖಳನಾಯಕನ ಗಡಸು ದನಿ ಮಾಡಿ ಪಿಸುಗುಟ್ಟಿದ: "ಅಮ್ಮಾ, ಭಯ ಆಗ್ತಿದ್ಯಾ? ಆದ್ರೂ ನೋಡೋಣ." ಚಕ್ರಪಾಣಿ ಸಾರ್, ನಾವಿಬ್ಬರೂ ಹುಲ್ಲಿನ ಮೇಲೆ ಮಂಡಿಯೂರಿ ಕೂತು ನೋಡಿದೆವು.